ಏರಿಳಿಯುವ ಅಂಕೆ, ಮರೆತ ಗುಣಕ

ಗಣಿತಜ್ಞ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದ ಮಾತು ಬಂದಾಗಲೆಲ್ಲ 12345654321 ಹಾಜರು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ, 111111ರ ವರ್ಗ. ಇಷ್ಟು ಹೇಳಿ ಚಪ್ಪಾಳೆ ತಟ್ಟಿ ಮುಂದೆ ಹೋಗುವುದು ನಮ್ಮ ಜನಪ್ರಿಯ ಬರಹಗಳ ರೂಢಿ. ಎಡವಟ್ಟಾಗುವುದು ಅಲ್ಲೇ. ಗ್ರಂಥದ ಗುಣಾಕಾರದ ಲೆಕ್ಕದಲ್ಲಿ 111111 ಎಲ್ಲೂ ಕಾಣುವುದಿಲ್ಲ. ಅಲ್ಲಿರುವುದು 27994681 × 441.

ಈ 441 ಎಲ್ಲಿಂದ ಬಂತು?

ಅದು 21ರ ವರ್ಗ. ಗುಣ್ಯವಾದ 27994681 ಕೂಡ ವರ್ಗವೇ, 5291ರದು. 5291ನ್ನು 21ರಿಂದ ಗುಣಿಸಿದರೆ 111111. ಒಂದು ವರ್ಗವನ್ನು ಎರಡು ವರ್ಗಗಳಾಗಿ ಸೀಳಿ ಶಿಷ್ಯನ ಮುಂದಿಟ್ಟ ಲೆಕ್ಕವಿದು. ಆಚಾರ್ಯ ಉತ್ತರದಿಂದ ಹಿಂದಕ್ಕೆ ಹೊರಟಿದ್ದಾನೆ. ಯಾವುದೋ ಅಪವರ್ತನ ಕೈಗೆ ಸಿಕ್ಕಿರಬಹುದಲ್ಲ ಎಂಬ ಆಕ್ಷೇಪವುಂಟು. ಉತ್ತರದ ಅಂಕೆಗಳ ಮೊತ್ತ 36. ಆದ್ದರಿಂದ 9ರಿಂದ ಭಾಗವಾಗುವುದು ಯಾರಿಗಾದರೂ ಹೊಳೆದೀತು. ಆದರೆ 441 ಎಂದರೆ 9 × 49. ಆ 49 ಮೇಲ್ನೋಟಕ್ಕೆ ಸಿಕ್ಕುವಂಥದ್ದಲ್ಲ. 111111ರ ಒಡಲು 3, 7, 11, 13, 37 ಎಂದು ಬಲ್ಲವನಿಗೆ ಮಾತ್ರ ಏಳರ ವರ್ಗ ಸಲೀಸು. ಏಳರ ನಂಟು ಅವನ ಬೇರೆ ಉದಾಹರಣೆಯಲ್ಲೂ ಉಂಟು: 142857143 × 7 = 1000000001.

ಆರು ಒಂದುಗಳೇ ಏಕೆ? ಐದಾದರೆ 41 × 271, ಏಳಾದರೆ 239 × 4649. ಎರಡೂ ಪಾಠಕ್ಕೆ ಒಗ್ಗದ ಗಂಟು. (ಈ ವಾದವನ್ನು ಅತಿಯಾಗಿ ಎಳೆಯಬಾರದು. ಎಂಟು ಒಂದುಗಳನ್ನು ಅವನೇ 152207 × 73 ಎಂದು ಒಡೆದಿದ್ದಾನೆ, ಒಂಬತ್ತನ್ನು 12345679 × 9 ಎಂದು.) ಒಂಬತ್ತು ಒಂದುಗಳ ವರ್ಗದವರೆಗೂ ಈ ಏರಿಳಿತ ನಿಲ್ಲುತ್ತದೆ, ಹತ್ತನೆಯದನ್ನು ಸೇರಿಸಿದೊಡನೆ ದಶಕ ಮುಂದಿನ ಸ್ಥಾನಕ್ಕೆ ಹೋಗಿ ಚೆಲುವು ಕೆಡುತ್ತದೆ.

ಇಂಥ ಕೆಲವು ಗುಣಲಬ್ಧಗಳನ್ನು ಮಹಾವೀರ ಕಂಠಾಭರಣ ಎಂದದ್ದೇ ಓದುಗರನ್ನು ದಾರಿ ತಪ್ಪಿಸಿತೇನೋ. ಹಾರ ಕಂಡಿತು, ಪೋಣಿಸಿದ ದಾರ ಕಾಣಲಿಲ್ಲ. ಗುಣಾಕಾರದ ಸೂತ್ರದಲ್ಲೇ ಅವನು ಒಂದು ರಾಶಿಯ ಅಪವರ್ತನದಿಂದ ಅದನ್ನು ಭಾಗಿಸಿ ಇನ್ನೊಂದನ್ನು ಗುಣಿಸುವ ಉಪಾಯ ಹೇಳುತ್ತಾನೆ. ಒಡೆದು ಕೂಡಿಸುವುದು ಅವನಿಗೆ ದಿನದ ಕೆಲಸ.

ಗ್ರಂಥದ ಆರಂಭದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ಆದಕಾರಣ ಅದು ಅವನ ರಾಜಧಾನಿ ಮಳಖೇಡದಲ್ಲೇ ಹುಟ್ಟಿತೆಂದು ಪಟ್ಟು ಹಿಡಿಯುವುದು ಅಭಿಮಾನದ ಮಾತು, ಪುರಾವೆಯ ಮಾತಲ್ಲ. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದಸಹಿತ ಆವೃತ್ತಿ 1912ರದು, ಪದ್ಮಾವತಮ್ಮ ಅವರ ಕನ್ನಡ ಅನುವಾದ 2000ದ್ದು. ಪುಸ್ತಕ ಕೈಗೆಟುಕುವಲ್ಲೇ ಇದ್ದೂ ಬರೀ ಉತ್ತರವನ್ನು ಉದ್ಧರಿಸುವವರಿಗೆ ಏನೆನ್ನಬೇಕು!

ಕನ್ನಡ, ತೆಲುಗು ಎರಡೂ ಬೆರೆತ ಗಡಿಸೀಮೆಯ ಗದ್ವಾಲ 1956ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು. ಅಲ್ಲಾಗಲಿ, ಮಕ್ತಲ್, ನಾರಾಯಣಪೇಟೆಗಳಲ್ಲಾಗಲಿ ಹಳೆಯ ಲೆಕ್ಕದ ಓಲೆಗರಿ, ಕಡತ ಯಾರ ಅಟ್ಟದಲ್ಲಾದರೂ ಸಿಕ್ಕಿದರೆ, ಕನ್ನಡವಿರಲಿ ತೆಲುಗಿರಲಿ, ಉತ್ತರದ ಜೊತೆ ಗುಣ್ಯ, ಗುಣಕಗಳನ್ನೂ ತಪ್ಪದೆ ಬರೆದುಕೊಳ್ಳಿ.