ಗಾಜಿನ ಮೇಲೆ ಅಂಟಿಸಿದ ಬೆಲೆ

ನಮ್ಮ ಸ್ಟುಡಿಯೋದಲ್ಲಿ ಒಬ್ಬರು ಕ್ಯಾಮೆರಾಮನ್ ಇದ್ದಾರೆ. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ನಾನು ಅವರನ್ನು ಅಣ್ಣ ಅಂತಲೇ ಕರೆಯೋದು. ಹೆಂಡತಿ, ಇಬ್ಬರು ಮಕ್ಕಳನ್ನು ಒಂದೇ ಬೈಕಿನ ಮೇಲೆ ಕೂರಿಸಿಕೊಂಡು ವರ್ಷಗಟ್ಟಲೆ ಓಡಾಡಿದ ಮನುಷ್ಯ. 2024ರ ದೀಪಾವಳಿಗೆ ಕಾರು ತಗೊಳ್ಳೋದು ಅಂತ ಮನೆಯಲ್ಲಿ ತೀರ್ಮಾನವಾಯಿತು. ಆನ್‌ಲೈನ್‌ನಲ್ಲಿ ಒಬ್ಬ ಬ್ರೋಕರ್ ಸಿಕ್ಕ. ಶೋರೂಮಿಗಿಂತ 60 ಸಾವಿರ ಕಡಿಮೆ, ಕಾರು ಮನೆ ಬಾಗಿಲಿಗೆ ಬರುತ್ತೆ, ಆರ್‌ಟಿಒ ಓಡಾಟ ಎಲ್ಲ ನಮ್ಮದೇ, ನೀವು ಸುಮ್ನೆ 25 ಸಾವಿರ ಟೋಕನ್ ಹಾಕಿ ಅಂದ. ಅಣ್ಣ ಹಾಕಿದರು. ಮಾರನೇ ದಿನದಿಂದ ಆ ನಂಬರ್ ಸ್ವಿಚ್ ಆಫ್.

ಮೇಕಪ್ ರೂಮಿನ ಬಾಗಿಲಲ್ಲಿ ನಿಂತು ಅವರು ಹೇಳಿದ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. 'ಶೋರೂಮಿಗೆ ಹೋದ್ರೆ ಮೋಸ ಮಾಡ್ತಾರೆ ಅಂತಾನೇ ಸರ್, ಇವನ ಹತ್ರ ಹೋಗಿದ್ದು.'

ಇದನ್ನು ಒಂದು ಸಲ ಯೋಚನೆ ಮಾಡಿ. ನಾವು ಅಕ್ಕಿ ತಗೊಳ್ಳುವಾಗ, ಟಿವಿ ತಗೊಳ್ಳುವಾಗ ಇಷ್ಟು ಭಯ ಪಡುವುದಿಲ್ಲ. ಕಾರಿನ ಅಂಗಡಿಗೆ ಮಾತ್ರ ಯುದ್ಧಕ್ಕೆ ಹೋದ ಹಾಗೆ ಹೋಗ್ತೀವಿ. ಜೊತೆಗೆ ಬಾಯಿ ಜೋರಿರುವ ಬಾವಮೈದನನ್ನು ಕರ್ಕೊಂಡು ಹೋಗ್ತೀವಿ. ಯಾಕೆ? ಆ ಭಯಕ್ಕೆ ಎಪ್ಪತ್ತು ವರ್ಷದ ಇತಿಹಾಸ ಇದೆ. ಅದು ಶುರುವಾಗುವುದು ಅಮೆರಿಕದಲ್ಲಿ.

ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿನ ಕಾರು ಕಾರ್ಖಾನೆಗಳು ಟ್ಯಾಂಕು, ವಿಮಾನ ಮಾಡ್ತಾ ಕೂತಿದ್ದವು. ಯುದ್ಧ ಮುಗಿದಾಗ ಜನರ ಕೈಯಲ್ಲಿ ದುಡ್ಡಿತ್ತು, ಕಾರು ಇರಲಿಲ್ಲ. ಡೀಲರ್ ಹೇಳಿದ್ದೇ ಬೆಲೆ. ಆಮೇಲೆ 1953ರ ಸುಮಾರಿಗೆ ಆಟ ತಿರುಗಿತು. ಫೋರ್ಡ್ ಮತ್ತು ಷೆವರ್ಲೆ ಪೈಪೋಟಿಗೆ ಬಿದ್ದು ಕಾರುಗಳನ್ನು ಹೊರಗೆ ತಳ್ಳತೊಡಗಿದವು. ಬೇಕೋ ಬೇಡವೋ, ಡೀಲರ್ ಅಂಗಳದಲ್ಲಿ ಕಾರು ಬಂದು ನಿಲ್ಲುತ್ತಿತ್ತು. ಅವನ್ನು ಹೇಗಾದರೂ ಸಾಗಹಾಕಬೇಕಲ್ಲ? ಆಗ ಹುಟ್ಟಿದ್ದೇ ಬೆಲೆ ಉಬ್ಬಿಸುವ ಕಲೆ. 2,000 ಡಾಲರಿನ ಕಾರಿಗೆ 2,500 ಅನ್ನೋದು. ಗ್ರಾಹಕನ ಹಳೇ ಕಾರಿಗೆ ಅವನೇ ನಂಬದಷ್ಟು ಬೆಲೆ ಕಟ್ಟೋದು. ಅವನು ಗೆದ್ದೆ ಅಂದುಕೊಂಡು ಹಿಗ್ಗುತ್ತಾ ಮನೆಗೆ ಹೋಗ್ತಿದ್ದ. ಆ ಹಿಗ್ಗಿನ ದುಡ್ಡು ಅವನದೇ ಜೇಬಿನಿಂದ ಹೋಗಿರುತ್ತಿತ್ತು.

ಒಕ್ಲಹೋಮಾದ ಸೆನೆಟರ್ ಮೈಕ್ ಮನ್ರೋನಿ ಈ ದೂರುಗಳನ್ನು ಕೈಗೆತ್ತಿಕೊಂಡರು. ವಿಚಾರಣೆಗಳು ನಡೆದವು. 1958ರಲ್ಲಿ ಕಾನೂನು ಬಂತು. ಪ್ರತಿಯೊಂದು ಹೊಸ ಕಾರಿನ ಗಾಜಿನ ಮೇಲೆ ಕಾರ್ಖಾನೆಯವರೇ ಒಂದು ಚೀಟಿ ಅಂಟಿಸಬೇಕು. ಅದರಲ್ಲಿ ಕಂಪನಿ ಸೂಚಿಸಿದ ಬೆಲೆ, ಹೆಚ್ಚುವರಿ ಸಾಮಾನಿನ ಬೆಲೆ, ಸಾಗಣೆ ಖರ್ಚು ಎಲ್ಲವೂ ಬಿಡಿಬಿಡಿಯಾಗಿ ಇರಬೇಕು. ಕಾರು ಎಲ್ಲಿ ಜೋಡಣೆಯಾಯಿತು, ಯಾವ ಡೀಲರ್‌ಗೆ ಹೋಗ್ತಿದೆ ಅನ್ನೋದೂ ಇರಬೇಕು. ಗ್ರಾಹಕನ ಕೈ ಸೇರುವ ಮುಂಚೆ ಅದನ್ನು ಕಿತ್ತರೆ ದಂಡ, ಜೈಲು. ಇವತ್ತಿಗೂ ಅಮೆರಿಕದಲ್ಲಿ ಆ ಚೀಟಿಯನ್ನು ಮನ್ರೋನಿ ಸ್ಟಿಕರ್ ಅಂತಲೇ ಕರೆಯೋದು. ಒಂದು ಕಾಗದದ ತುಂಡಿಗೆ ತನ್ನ ಹೆಸರು ಉಳಿಸಿಹೋದ ರಾಜಕಾರಣಿ ಅಪರೂಪ. ನಮ್ಮಲ್ಲಿ ಫ್ಲೈಓವರ್‌ಗೇ ಜಗಳ.

ಅದೇ ಹೊತ್ತಿಗೆ ನಮ್ಮಲ್ಲಿ ಏನಾಗ್ತಿತ್ತು? 1959ರಲ್ಲಿ ನಮ್ಮ ಸರ್ಕಾರವೂ ಕಾರು ಮಾರಾಟದ ಬಗ್ಗೆ ಒಂದು ನಿಯಂತ್ರಣ ಆದೇಶ ಹೊರಡಿಸಿತು. ಆದರೆ ನಮ್ಮ ಸಮಸ್ಯೆ ಪೂರಾ ಉಲ್ಟಾ. ಅಲ್ಲಿ ಕಾರು ಹೆಚ್ಚು, ಇಲ್ಲಿ ಕಾರೇ ಇಲ್ಲ. ಅಂಬಾಸಿಡರ್, ಫಿಯೆಟ್ ಅಂತ ಕೈಬೆರಳೆಣಿಕೆಯ ಮಾದರಿಗಳು. ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕು. ನಮ್ಮ ಬ್ರೋಕರ್ ಮಾರುತ್ತಿದ್ದದ್ದು ಕಡಿಮೆ ಬೆಲೆಯನ್ನಲ್ಲ, ಸರದಿಯನ್ನು. ಸರ್ಕಾರದ ಬೆಲೆಯ ಮೇಲೆ 'ಪ್ರೀಮಿಯಂ' ಕೊಟ್ಟರೆ ಬೇರೆಯವರ ಸರದಿ ನಿಮಗೆ. ನಿಮ್ಮ ಅಪ್ಪನನ್ನೋ ತಾತನನ್ನೋ ಕೇಳಿ ನೋಡಿ, ಬಜಾಜ್ ಸ್ಕೂಟರಿನ ಪ್ರೀಮಿಯಂ ಕಥೆ ಖಂಡಿತ ಹೇಳ್ತಾರೆ.

ಮುಂಗಡದ ಕಥೆಯೂ ಹಳೆಯದೇ. 1971ರಲ್ಲಿ ಸಂಜಯ್ ಗಾಂಧಿ ಮಾರುತಿ ಲಿಮಿಟೆಡ್ ಶುರು ಮಾಡಿದರು. ಡೀಲರ್ ಆಗಲು ಬಂದವರಿಂದ ದೊಡ್ಡ ದೊಡ್ಡ ಠೇವಣಿ ತೆಗೆದುಕೊಂಡರು. ಶೋರೂಮ್ ಕಟ್ಟಿ ಕೂತವರಿಗೆ ಮಾರಲು ಕಾರು ಬರಲೇ ಇಲ್ಲ. ತುರ್ತು ಪರಿಸ್ಥಿತಿ ಮುಗಿದ ಮೇಲೆ ಜನತಾ ಸರ್ಕಾರ ನ್ಯಾಯಮೂರ್ತಿ ಎ.ಸಿ. ಗುಪ್ತಾ ಆಯೋಗವನ್ನು ನೇಮಿಸಿತು, ಕಂಪನಿ ಮುಚ್ಚಿತು. ಅಣ್ಣನಿಗೆ ಇದನ್ನು ಹೇಳಿದೆ: ಟೋಕನ್ ಕೊಟ್ಟು ಕೈ ಸುಟ್ಟುಕೊಂಡವರು ನೀವೊಬ್ಬರೇ ಅಲ್ಲ, ಒಂದು ಕಾಲದಲ್ಲಿ ಡೀಲರ್‌ಗಳೇ ಸುಟ್ಟುಕೊಂಡಿದ್ದರು. ಅವರಿಗೆ ಅಷ್ಟೇನೂ ಸಮಾಧಾನ ಆದಂತೆ ಕಾಣಲಿಲ್ಲ.

ಆಮೇಲೆ ಸುಜುಕಿ ಜೊತೆ ಸೇರಿ ಸರ್ಕಾರವೇ ಕಾರು ಮಾಡಿತು. 1983ರಲ್ಲಿ ತಲಾ 10 ಸಾವಿರ ಮುಂಗಡ ಕೊಟ್ಟು ಲಕ್ಷಕ್ಕೂ ಹೆಚ್ಚು ಜನ ಬುಕ್ ಮಾಡಿದರು. ಆ ವರ್ಷ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಯನ್ನು ಇಂದಿರಾ ಗಾಂಧಿ ದೆಹಲಿಯ ಹರ್ಪಾಲ್ ಸಿಂಗ್ ಅವರ ಕೈಗೆ ಕೊಟ್ಟರು. ಇಂಡಿಯನ್ ಏರ್‌ಲೈನ್ಸ್ ಉದ್ಯೋಗಿ, ಲಾಟರಿಯಲ್ಲಿ ಹೆಸರು ಬಂದಿತ್ತು. ಆ ಕಾರನ್ನು ಅವರು ಸಾಯುವವರೆಗೂ ಮಾರಲಿಲ್ಲ. ಕಾರು ಸಿಗುವುದೇ ಲಾಟರಿ ಆಗಿದ್ದಾಗ ಚೌಕಾಸಿ ಎಲ್ಲಿಂದ ಬರಬೇಕು? ಚೌಕಾಸಿ ನಮಗೆ ಬಂದದ್ದು 1991ರ ನಂತರ, ಹತ್ತಾರು ಕಂಪನಿಗಳು ಬಂದು ಅಂಗಳ ತುಂಬಿದ ಮೇಲೆ. ಅಂದರೆ ಅಮೆರಿಕದ 1953 ನಮ್ಮ ಮನೆ ಬಾಗಿಲಿಗೆ ಬಂದದ್ದು ನಾಲ್ಕು ದಶಕ ತಡವಾಗಿ. ಗಾಜಿನ ಮೇಲಿನ ಚೀಟಿ ಮಾತ್ರ ಇನ್ನೂ ಬಂದಿಲ್ಲ.

ಮತ್ತೆ ಅಮೆರಿಕಕ್ಕೆ ಹೋಗೋಣ. ಯಾಕಂದರೆ ಆನ್‌ಲೈನ್ ಬ್ರೋಕರ್ ಹುಟ್ಟಿದ್ದು ಅಲ್ಲೇ. ಚೀಟಿಯಲ್ಲಿ ಬೆಲೆ ಬಂತು ನಿಜ, ಆದರೆ ಅದು ಕಂಪನಿ ಸೂಚಿಸಿದ ಬೆಲೆ. ಅದರಿಂದ ಎಷ್ಟು ಇಳಿಸೋದು, ಯಾರಿಗೆ ಇಳಿಸೋದು ಅನ್ನೋದು ಸೇಲ್ಸ್‌ಮನ್ ಕೈಯಲ್ಲೇ ಉಳಿಯಿತು. 1991ರಲ್ಲಿ ಇಯಾನ್ ಏಯರ್ಸ್ ಎಂಬ ಕಾನೂನು ಪ್ರಾಧ್ಯಾಪಕರು ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಶಿಕಾಗೋ ಸುತ್ತಮುತ್ತಲಿನ ಶೋರೂಮುಗಳಿಗೆ ಬಿಳಿಯರು, ಕಪ್ಪು ವರ್ಣೀಯರು, ಗಂಡಸರು, ಹೆಂಗಸರು ಎಲ್ಲರನ್ನೂ ಕಳಿಸಿದ್ದರು. ಎಲ್ಲರಿಗೂ ಒಂದೇ ರೀತಿ ಚೌಕಾಸಿ ಮಾಡಲು ತರಬೇತಿ ಕೊಟ್ಟಿದ್ದರು. ಬಿಳಿಯ ಗಂಡಸರಿಗೆ ಎಲ್ಲರಿಗಿಂತ ಕಡಿಮೆ ಬೆಲೆ ಹೇಳಿದರು. ಅದೇ ಮಾತು, ಅದೇ ಕಾರು. ಮುಖ ಬೇರೆಯಾದರೆ ಬೆಲೆ ಬೇರೆ.

1995ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪೀಟ್ ಎಲ್ಲಿಸ್ ಅನ್ನುವವರು ಆಟೋಬೈಟೆಲ್ ಶುರು ಮಾಡಿದರು. ಅವರೇ ಕಾರು ಡೀಲರ್ ಆಗಿ ದೊಡ್ಡದಾಗಿ ಬೆಳೆದು, ಅಷ್ಟೇ ಜೋರಾಗಿ ಬಿದ್ದಿದ್ದವರು. ವ್ಯವಸ್ಥೆ ಸರಳ. ಗ್ರಾಹಕ ತನಗೆ ಬೇಕಾದ ಕಾರನ್ನು ಕಂಪ್ಯೂಟರಿನಲ್ಲಿ ಬರೆದು ಕಳಿಸೋದು. ಅದು ಆ ಪ್ರದೇಶದ ಒಬ್ಬ ಡೀಲರ್‌ಗೆ ಹೋಗುತ್ತೆ, ಅವನು ಕರೆದು ಚೌಕಾಸಿ ಇಲ್ಲದ ಬೆಲೆ ಹೇಳ್ತಾನೆ. ಗ್ರಾಹಕ ಬ್ರೋಕರ್‌ಗೆ ಒಂದು ಪೈಸೆ ಕೊಡಬೇಕಿಲ್ಲ. ಡೀಲರೇ ಬ್ರೋಕರ್‌ಗೆ ಶುಲ್ಕ ಕಟ್ಟೋದು. ಈ ಕೊನೇ ವಾಕ್ಯವನ್ನು ದಯವಿಟ್ಟು ಇನ್ನೊಂದು ಸಲ ಓದಿ. ಅಸಲಿ ಆನ್‌ಲೈನ್ ಬ್ರೋಕರ್ ಮಾರುವ ಸರಕು ಕಾರಲ್ಲ, ಕಾರು ಬೇಕು ಅಂತ ಕಾಯುತ್ತಿರುವ ನೀವು. ನಿಮ್ಮನ್ನು ಡೀಲರ್‌ಗೆ ಮಾರಿ ಅವನು ದುಡ್ಡು ಮಾಡ್ತಾನೆ. ಅವನಿಗೆ ನಿಮ್ಮ ಟೋಕನ್ ಯಾಕೆ ಬೇಕು?

ಇದರಿಂದ ಜನರಿಗೆ ಲಾಭ ಆಯಿತಾ? ಆಯಿತು. ಫಿಯೋನಾ ಸ್ಕಾಟ್ ಮಾರ್ಟನ್ ಮತ್ತು ಸಂಗಡಿಗರು ಸಾವಿರಾರು ಮಾರಾಟದ ಲೆಕ್ಕ ತೆಗೆದರು. ಆಟೋಬೈಟೆಲ್ ಮೂಲಕ ಬಂದವರು ಸರಾಸರಿ ಸುಮಾರು 2 ಪರ್ಸೆಂಟ್, ಅಂದರೆ 450 ಡಾಲರ್ ಕಡಿಮೆ ಕೊಟ್ಟಿದ್ದರು. ನನಗೆ ಮುಖ್ಯ ಅನ್ನಿಸಿದ್ದು ಅವರದೇ ಇನ್ನೊಂದು ಅಧ್ಯಯನ. ಶೋರೂಮಿಗೆ ನೇರವಾಗಿ ಹೋದ ಕಪ್ಪು ವರ್ಣೀಯರು ಮತ್ತು ಹಿಸ್ಪಾನಿಕ್ ಜನ ಉಳಿದವರಿಗಿಂತ ಸುಮಾರು 2 ಪರ್ಸೆಂಟ್ ಹೆಚ್ಚು ಕೊಡುತ್ತಿದ್ದರು. ಇಂಟರ್‌ನೆಟ್ ಮೂಲಕ ಹೋದವರ ವಿಷಯದಲ್ಲಿ ಆ ವ್ಯತ್ಯಾಸ ಹೆಚ್ಚುಕಡಿಮೆ ಮಾಯ. ಪರದೆಗೆ ನಿಮ್ಮ ಬಣ್ಣ ಕಾಣಲ್ಲ, ಚಪ್ಪಲಿ ಕಾಣಲ್ಲ.

ಚಪ್ಪಲಿ ಅಂದ ತಕ್ಷಣ ನಿಮಗೆ ತುಮಕೂರು ನೆನಪಾಗಿರಬೇಕು. 2022ರ ಜನವರಿಯಲ್ಲಿ ಒಬ್ಬ ಯುವ ರೈತ ಸ್ನೇಹಿತರ ಜೊತೆ ಗೂಡ್ಸ್ ವಾಹನ ಕೊಳ್ಳಲು ಶೋರೂಮಿಗೆ ಹೋದ. ವೇಷ ನೋಡಿದ ಸೇಲ್ಸ್‌ಮನ್, ನಿನ್ನ ಜೇಬಲ್ಲಿ 10 ರೂಪಾಯಿ ಇರಲಿಕ್ಕಿಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ. ಒಂದು ಗಂಟೆಯೊಳಗೆ 10 ಲಕ್ಷ ತಂದು, ಈಗ ಕೊಡಿ ಗಾಡಿ ಅಂದ ರೈತ. ಅವರ ಹತ್ತಿರ ತಕ್ಷಣ ಕೊಡಲು ಗಾಡಿ ಸಿದ್ಧವಿರಲಿಲ್ಲ! ದೇಶವೆಲ್ಲ ಆ ವಿಡಿಯೋ ನೋಡಿತು, ಕ್ಷಮೆಯೂ ಬಂತು. ನಾವು ಟಿವಿಯವರು ಅದನ್ನು ಸ್ವಾಭಿಮಾನದ ಕಥೆ ಮಾಡಿ ತೋರಿಸಿದೆವು, ತಪ್ಪಲ್ಲ. ಆದರೆ ಅದು ಬೆಲೆಯ ಕಥೆಯೂ ಹೌದು. ಮುಖ ನೋಡಿ ಮಾತಾಡುವವನು ಮುಖ ನೋಡಿಯೇ ರೇಟೂ ಹೇಳ್ತಾನೆ. ನಮ್ಮ ಅಣ್ಣನಂಥವರು ಆನ್‌ಲೈನಿಗೆ ಓಡುವುದು ಆಸೆಬುರುಕತನದಿಂದ ಅಲ್ಲ. ಅಲ್ಲಿ ಯಾರೂ ಮೇಲಿಂದ ಕೆಳಗೆ ನೋಡಲ್ಲ ಅಂತ.

ಇನ್ನು ಆ 'ಗುಟ್ಟಿನ ಡಿಸ್ಕೌಂಟ್'. ಶೋರೂಮಿನಲ್ಲಿ ಸಿಗದ 60 ಸಾವಿರ ಬ್ರೋಕರ್‌ಗೆ ಹೇಗೆ ಸಿಗುತ್ತೆ ಅಂತ ಜನ ನಂಬ್ತಾರೆ? ನಂಬಿಕೆಗೆ ಆಧಾರ ಇದೆ. 2021ರ ಆಗಸ್ಟ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ಹಾಕಿತು. ಕಾರಣ: ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ರಿಯಾಯಿತಿ ಕೊಡದಂತೆ ಡೀಲರ್‌ಗಳನ್ನು ಕಟ್ಟಿಹಾಕಿದೆ ಅನ್ನೋದು. ಗ್ರಾಹಕರ ವೇಷದಲ್ಲಿ ಏಜೆನ್ಸಿಯವರನ್ನು ಶೋರೂಮಿಗೆ ಕಳಿಸೋದು, ಹೆಚ್ಚು ರಿಯಾಯಿತಿ ಕೊಟ್ಟ ಡೀಲರ್‌ಗೂ ಅಲ್ಲಿನ ಸೇಲ್ಸ್ ಸಿಬ್ಬಂದಿಗೂ ದಂಡ ಹಾಕೋದು ನಡೆದಿತ್ತು ಅಂತ ಆಯೋಗ ಹೇಳಿತು. ಪ್ರಕರಣ ಶುರುವಾದದ್ದು ಡೀಲರ್ ಅಂತ ಹೇಳಿಕೊಂಡ ಒಬ್ಬರ ಅನಾಮಧೇಯ ಇಮೇಲ್‌ನಿಂದ. ಕಂಪನಿ ಮೇಲ್ಮನವಿಗೆ ಹೋಯಿತು. ಇದಕ್ಕೆ ಮುಂಚೆ, 2017ರಲ್ಲಿ, ಇಂಥದ್ದೇ ಆರೋಪದ ಮೇಲೆ ಹ್ಯುಂಡೈಗೆ 87 ಕೋಟಿ ದಂಡ ಬಿದ್ದಿತ್ತು. ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ಅದನ್ನು ರದ್ದು ಮಾಡಿತು. ಕಾನೂನಿನ ಜಗಳ ಅವರದು ಅವರಿಗಿರಲಿ. ನಮಗೆ ಕಾಣಬೇಕಾದ್ದು ಇಷ್ಟು: ರಿಯಾಯಿತಿ ಬಾಯಿ ಬಿಟ್ಟು ಹೇಳಬಾರದ ವಸ್ತು ಆದಾಗ, ಅದನ್ನು ಕಿವಿಯಲ್ಲಿ ಪಿಸುಗುಟ್ಟುವವನು ಹುಟ್ಟಿಕೊಳ್ತಾನೆ. ಪಿಸುಗುಟ್ಟುವವರಲ್ಲಿ ಅಸಲಿ ಯಾರು, ನಕಲಿ ಯಾರು ಅಂತ ಗೊತ್ತಾಗೋದು ಕಷ್ಟ.

ಹಾಗಾದರೆ ಆನ್‌ಲೈನ್‌ನಲ್ಲಿ ಹೋಗಲೇಬಾರದಾ? ನಾನಾದರೆ ಹೋಗ್ತೀನಿ. ಬೆಲೆ ಕೇಳುವುದಕ್ಕೆ ಪರದೆಗಿಂತ ಒಳ್ಳೆ ಜಾಗ ಇಲ್ಲ. ಎರಡು ಮೂರು ಶೋರೂಮುಗಳಿಂದ ಬರಹದಲ್ಲಿ ಕೊಟೇಶನ್ ತರಿಸಿ, ಎಕ್ಸ್‌ಶೋರೂಮ್, ತೆರಿಗೆ, ವಿಮೆ, ಆಕ್ಸೆಸರಿ ಬಿಡಿಬಿಡಿಯಾಗಿ ಕೇಳಿ. ಅಲ್ಲಿಗೆ ನೀವೇ ನಿಮ್ಮ ಮನ್ರೋನಿ ಚೀಟಿ ಬರೆದುಕೊಂಡ ಹಾಗಾಯಿತು. ವಿಮೆಯನ್ನು ಆ ಶೋರೂಮಿನಲ್ಲೇ ಮಾಡಿಸಬೇಕು ಅನ್ನೋ ಕಾನೂನು ಇಲ್ಲ. ತೆರಿಗೆಯಲ್ಲಿ ಮಾತ್ರ ಯಾವ ಬ್ರೋಕರ್ರೂ ನಿಮಗೆ ಉಳಿಸಲಾರ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ 14 ಪರ್ಸೆಂಟ್, ಅದರ ಮೇಲೆ ಸೆಸ್. ಪುದುಚೇರಿಯಲ್ಲಿ ರಿಜಿಸ್ಟರ್ ಮಾಡಿಸಿಕೊಡ್ತೀನಿ, ಲಕ್ಷ ಉಳಿಯುತ್ತೆ ಅಂದವನ ಮಾತು ಕೇಳಿದರೆ, ಒಂದು ದಿನ ಬೆಂಗಳೂರಿನ ರಸ್ತೆಯಲ್ಲಿ ಸಾರಿಗೆ ಇಲಾಖೆಯವರು ಕೈ ಅಡ್ಡ ಹಾಕ್ತಾರೆ.

ದುಡ್ಡಿನ ವಿಷಯ ಬಂದಾಗ ಮಾತ್ರ ಪರದೆಯಿಂದ ಎದ್ದು ಕಾಗದಕ್ಕೆ ಬನ್ನಿ. ಹಣ ಹೋಗಬೇಕಾದ್ದು ಡೀಲರ್ ಕಂಪನಿಯ ಬ್ಯಾಂಕ್ ಖಾತೆಗೆ, ಯಾರದೋ ಯುಪಿಐ ನಂಬರಿಗಲ್ಲ. ಆ ಖಾತೆಯ ವಿವರವನ್ನೂ ಬ್ರೋಕರ್ ಕಳಿಸಿದ ಮೆಸೇಜಿನಿಂದ ತಗೊಳ್ಳಬೇಡಿ, ಶೋರೂಮಿನಲ್ಲಿ ಕೇಳಿ. ಇನ್‌ವಾಯ್ಸ್ ಡೀಲರ್ ಹೆಸರಿನಲ್ಲಿ ಇರಬೇಕು, ನಮೂನೆ 21 ಅನ್ನೋ ಮಾರಾಟ ಪ್ರಮಾಣಪತ್ರ ನೇರ ನಿಮ್ಮ ಹೆಸರಿಗೇ ಬರಬೇಕು. ಬೇರೆ ಯಾರದೋ ಹೆಸರಲ್ಲಿ ಒಂದು ಸಲ ರಿಜಿಸ್ಟರ್ ಆಗಿ ಬಂದರೆ, ಸೀಟಿನ ಪ್ಲಾಸ್ಟಿಕ್ ಕಿತ್ತಿರದಿದ್ದರೂ ಅದು ಸೆಕೆಂಡ್ ಹ್ಯಾಂಡ್ ಕಾರು. ಆಮೇಲೆ ನನ್ನ ಇಂಜಿನಿಯರ್ ಬುದ್ಧಿ ಸುಮ್ಮನಿರಲ್ಲ, ಇದನ್ನೂ ಹೇಳಿಬಿಡ್ತೀನಿ. ಚಾಸಿ ನಂಬರಿನಲ್ಲಿ 17 ಅಕ್ಷರ-ಅಂಕಿ ಇರುತ್ತೆ. ಸಾಮಾನ್ಯವಾಗಿ ಹತ್ತನೆಯದು ವರ್ಷವನ್ನು ಹೇಳುತ್ತೆ. ಪಿ ಅಂದರೆ 2023, ಆರ್ ಅಂದರೆ 2024, ಎಸ್ ಅಂದರೆ 2025. ಅಂಗಳದಲ್ಲಿ ಮಳೆ ಬಿಸಿಲು ತಿಂದು ನಿಂತ ಹಳೇ ಸ್ಟಾಕ್ ಸಾಗಹಾಕುವ ಚಟ 1953ಕ್ಕೇ ಮುಗಿದಿಲ್ಲ. ನಮೂನೆ 21ರಲ್ಲೂ ತಯಾರಾದ ತಿಂಗಳು, ವರ್ಷ ಬರೆದಿರುತ್ತೆ. ಎರಡನ್ನೂ ತಾಳೆ ನೋಡಿ. ನೋಡೋದು ರಿಜಿಸ್ಟ್ರೇಷನ್‌ಗೆ ಮುಂಚೆ, ಆಮೇಲಲ್ಲ.

ಅಣ್ಣ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟರು, ಆದರೆ ನಾಲ್ಕು ದಿನ ತಡವಾಗಿ. ನಾಚಿಕೆ ಅಂತ ಯಾರಿಗೂ ಹೇಳಿರಲಿಲ್ಲ. ಸೈಬರ್ ವಂಚನೆಯಲ್ಲಿ ಮೊದಲ ಕೆಲವು ಗಂಟೆಯೊಳಗೆ ಹೇಳಿದರೆ ಖಾತೆ ತಡೆಹಿಡಿಯುವ ಅವಕಾಶ ಹೆಚ್ಚು. ಅವರ 25 ಸಾವಿರ ಇನ್ನೂ ಬಂದಿಲ್ಲ.

2025ರ ಫೆಬ್ರವರಿಯಲ್ಲಿ ಅವರು ಮತ್ತೆ ಕಾರು ನೋಡಲು ಹೊರಟರು. ಈ ಸಲ ಮೂರು ಕೊಟೇಶನ್ ಜೇಬಲ್ಲಿತ್ತು. ನಾನು ಬುಲೆಟಿನ್ ಮುಗಿಸಿ ಹೊರಗೆ ಬರುವಷ್ಟರಲ್ಲಿ ಡೀಲರ್‌ನ ಯಾರ್ಡಿನಿಂದ ಫೋನ್.

'ಸರ್, ಹತ್ತನೇ ಅಕ್ಷರ ಆರ್ ಇದೆ.'

'ಬೇಡ ಅಣ್ಣ. ಎಸ್ ಇರೋದು ತೋರಿಸೋಕೆ ಹೇಳಿ, ಇಲ್ಲಾಂದ್ರೆ ಹಳೇ ವರ್ಷದ ರೇಟ್ ಹಾಕಿ ಬರೆದು ಕೊಡಲಿ.'

ಹಿಂದಿನಿಂದ ಸೇಲ್ಸ್ ಹುಡುಗನ ದನಿ ಕೇಳಿಸಿತು. 'ಇದೆಲ್ಲ ನಿಮಗೆ ಯಾರು ಹೇಳಿದ್ದು ಸರ್?' ಅಂತ ಕೇಳ್ತಿದ್ದ. ಅಣ್ಣನನ್ನು ಅವನು ಸರ್ ಅಂದಿದ್ದ.