ಮೆಟ್ಟದೆ ಇಟ್ಟ ಜೋಡು

ಸ್ನೀಕರ್ ಸಂಗ್ರಹದ ಗೀಳು ಹುಟ್ಟಿದ್ದು ಉಳ್ಳವರ ಮನೆಯಲ್ಲಲ್ಲ. ಎಪ್ಪತ್ತರ ದಶಕದ ನ್ಯೂಯಾರ್ಕಿನಲ್ಲಿ, ಹಾರ್ಲೆಮ್, ಬ್ರಾಂಕ್ಸ್‌ಗಳ ಬ್ಯಾಸ್ಕೆಟ್‌ಬಾಲ್ ಅಂಗಳಗಳಲ್ಲಿ, ಬೇರೆ ಯಾರ ಕಾಲಲ್ಲೂ ಇಲ್ಲದ ಬಣ್ಣ ತನ್ನ ಕಾಲಲ್ಲಿರಬೇಕೆಂಬ ಹುಡುಗರ ಹಟದಲ್ಲಿ. ನಿಕ್ಸ್ ತಂಡದ ವಾಲ್ಟ್ ಫ್ರೇಜಿಯರ್‌ಗಾಗಿ 1973ರಲ್ಲಿ ಪೂಮಾ ತಂದ ಸ್ಯೂಡ್ ಚರ್ಮದ ‘ಕ್ಲೈಡ್’ ಆ ಹಟಕ್ಕೆ ಸರಿಯಾಗಿ ಒದಗಿಬಂತು. ಹುಡುಗರು ಅಂಗಡಿಯಿಂದ ಅಂಗಡಿಗೆ ಅಲೆದು, ಗೋದಾಮಿನ ಮೂಲೆಯಲ್ಲಿ ಬಿದ್ದ ಹಳೆ ದಾಸ್ತಾನು ಕೆದಕಿ ತರುತ್ತಿದ್ದರು. ಆಗ ಯಾರೂ ಬೆಲೆ ಕೇಳುತ್ತಿರಲಿಲ್ಲ, ಎಲ್ಲಿ ಸಿಕ್ಕಿತು ಎಂದು ಕೇಳುತ್ತಿದ್ದರು. ಆ ಕಾಲವನ್ನು ದಾಖಲಿಸಿದ ಬಾಬಿಟೊ ಗಾರ್ಸಿಯಾ 2003ರ ತಮ್ಮ ಪುಸ್ತಕಕ್ಕೆ ಇಟ್ಟದ್ದೂ ಆ ಪ್ರಶ್ನೆಯದೇ ಹೆಸರು. ಆಗ ಹವ್ಯಾಸಕ್ಕೆ ತೆರಬೇಕಾದ ಬೆಲೆ ಎಂದರೆ ಹೆಚ್ಚಾಗಿ ಕಾಲ್ನೋವು.

1985ರಲ್ಲಿ, ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಹೆಸರಿನಲ್ಲಿ ನೈಕಿ ತಂದ ಏರ್ ಜೋರ್ಡನ್ 65 ಡಾಲರಿಗೆ ಅಂಗಡಿಗೆ ಬಂತು. ಕಪ್ಪು-ಕೆಂಪು ಬಣ್ಣ ನಿಯಮಕ್ಕೆ ವಿರುದ್ಧ ಎಂದು ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಪತ್ರ ಬರೆದರೆ, ಕಂಪನಿ ಆ ನಿಷೇಧವನ್ನೇ ಜಾಹೀರಾತು ಮಾಡಿಕೊಂಡಿತು. (ಪತ್ರ ಬಂದದ್ದು ನಿಜಕ್ಕೂ ಜೋರ್ಡನ್ 1ಕ್ಕೋ, ಅದಕ್ಕೂ ಮೊದಲು ಜೋರ್ಡನ್ ಮೆಟ್ಟುತ್ತಿದ್ದ ಏರ್ ಶಿಪ್‌ಗೋ ಎಂಬ ಜಗಳ ಇನ್ನೂ ಮುಗಿದಿಲ್ಲ.) ಜೋರ್ಡನ್‌ನ ಏಜೆಂಟ್ ಡೇವಿಡ್ ಫಾಕ್ ಹೇಳುವಂತೆ, ನಾಲ್ಕನೇ ವರ್ಷದ ಹೊತ್ತಿಗೆ 30 ಲಕ್ಷ ಡಾಲರಿನ ವ್ಯಾಪಾರವಾದರೆ ಸಾಕು ಎಂದಿದ್ದವರಿಗೆ ಮೊದಲ ವರ್ಷವೇ 12.6 ಕೋಟಿಯ ವ್ಯಾಪಾರವಾಯಿತು. ಮರುವರ್ಷ ಹಿಪ್-ಹಾಪ್ ತಂಡ ರನ್-ಡಿಎಂಸಿ ಅಡಿಡಾಸ್ ಮೇಲೆ ಹಾಡು ಕಟ್ಟಿತು. ಆಟದ ಬೂಟು ಸಂಗೀತಕ್ಕೂ ದಾಟಿತು.

ಆದರೂ 1994ರಲ್ಲಿ ಅದೇ ಜೋರ್ಡನ್ 1 ‘ರೆಟ್ರೊ’ ಆಗಿ ಮರಳಿದಾಗ ಕೊಳ್ಳುವವರಿಲ್ಲದೆ ರಿಯಾಯಿತಿ ಕಪಾಟು ಸೇರಿತು. ಹಳೆಯದು ಎಂಬ ಒಂದೇ ಕಾರಣಕ್ಕೆ ಜನ ಮುಗಿಬೀಳುವುದಿಲ್ಲ, ಸಿಗುವುದಿಲ್ಲ ಎಂದಾಗ ಬೀಳುತ್ತಾರೆ. ಕಂಪನಿಗಳು ಈ ಪಾಠ ಕಲಿತದ್ದು ಎದ್ದು ಕಂಡದ್ದು 2005ರ ಫೆಬ್ರುವರಿಯಲ್ಲಿ. ಜೆಫ್ ಸ್ಟೇಪಲ್ ವಿನ್ಯಾಸದ, ಹಿಮ್ಮಡಿಯ ಬಳಿ ಪಾರಿವಾಳದ ಚಿತ್ರವಿದ್ದ ಬೂದು ಬಣ್ಣದ, ನೈಕಿಯ ‘ಪಿಜನ್’ ಡಂಕ್ ಬಂದದ್ದು ಬರೀ 150 ಜೊತೆ. ಮ್ಯಾನ್‌ಹಟನ್‌ನ ಆರ್ಚರ್ಡ್ ಬೀದಿಯ ಅಂಗಡಿಯ ಮುಂದೆ ಚಳಿಯಲ್ಲಿ ಬೀಡುಬಿಟ್ಟ ಗುಂಪನ್ನು ಹತೋಟಿಗೆ ತರಲು ಪೊಲೀಸರು ಬಂದರು. ಕೊಂಡವರನ್ನು ಹಿಂಬಾಗಿಲಿನಿಂದ ಕರೆತಂದು ಟ್ಯಾಕ್ಸಿ ಹತ್ತಿಸಿ ಕಳಿಸಬೇಕಾಯಿತು. ಮರುದಿನ ನ್ಯೂಯಾರ್ಕ್ ಪೋಸ್ಟ್ ಮುಖಪುಟದಲ್ಲಿ ಅದೇ ಸುದ್ದಿ. ಒಂದು ಕಾಲದಲ್ಲಿ ಕೊರತೆ ತಾನಾಗಿ ಆಗುತ್ತಿತ್ತು. ಇಲ್ಲಿಂದ ಮುಂದೆ ಅದನ್ನು ಲೆಕ್ಕಹಾಕಿ ತಯಾರಿಸತೊಡಗಿದರು.

2016ರಲ್ಲಿ ಡೆಟ್ರಾಯಿಟ್‌ನಲ್ಲಿ ಶುರುವಾದ ಸ್ಟಾಕ್‌ಎಕ್ಸ್ ಷೇರುಪೇಟೆಯ ಪದ್ಧತಿಯನ್ನೇ ಬೂಟಿಗೆ ತೊಡಿಸಿತು: ಕೊಳ್ಳುವವ ಒಂದು ದರ ಕೂಗುತ್ತಾನೆ, ಮಾರುವವ ಒಂದು ದರ ಕೇಳುತ್ತಾನೆ, ಎರಡೂ ಕೂಡಿದರೆ ವ್ಯಾಪಾರ. ಯಾವ ಜೋಡಿಗೆ ಇವತ್ತು ಎಷ್ಟು ಎಂಬುದು ಎಲ್ಲರ ಕಣ್ಣೆದುರಿಗೇ ಬಂತು. ಹೊಸ ಮಾದರಿ ಬಿಡುಗಡೆಯಾಗುವ ‘ಡ್ರಾಪ್’ ದಿನ ತಾವಾಗೇ ಕೊಳ್ಳುವ ತಂತ್ರಾಂಶ ಬಾಟ್‌ಗಳು ಕ್ಷಣಮಾತ್ರದಲ್ಲಿ ದಾಸ್ತಾನು ಬಳಿದವು, ಸಾಮಾನ್ಯ ಸಂಗ್ರಾಹಕನಿಗೆ ರಾಫಲ್‌ನ ಅದೃಷ್ಟವಷ್ಟೇ ಉಳಿಯಿತು. ಅಲೆದಾಟದ ಜಾಗವನ್ನು ದುಡ್ಡು ಹಿಡಿಯಿತು. 2023ರಲ್ಲಿ ಸದಬೀಸ್ ಹರಾಜಿನಲ್ಲಿ ಜೋರ್ಡನ್ 1998ರ ಫೈನಲ್ಸ್‌ನಲ್ಲಿ ಮೆಟ್ಟಿದ್ದ ಜೋಡಿ 22 ಲಕ್ಷ ಡಾಲರಿಗೆ ಹೋಯಿತು. ವಂಚನೆಯೂ ಅದೇ ಅಳತೆಗೆ ಬೆಳೆಯಿತು. ಓರೆಗಾನ್‌ನ ಜಾದೆ ಕಿಕ್ಸ್ ಎಂಬ ಮರುಮಾರಾಟ ಸಂಸ್ಥೆ ಒಂದೇ ಮಾದರಿಗೆ ಆರು ಲಕ್ಷಕ್ಕೂ ಹೆಚ್ಚು ಮುಂಗಡ ಬೇಡಿಕೆ ಪಡೆದು, ಕೈಗೆ ತಂದುಕೊಂಡದ್ದು ಸುಮಾರು ಆರು ಸಾವಿರ ಜೊತೆ. 2022ರಲ್ಲಿ ಅದು ಕುಸಿಯಿತು. ‘ಪಾಂಡಾ’ ಡಂಕ್‌ಗಳನ್ನು ನೈಕಿಯೇ ಮತ್ತೆ ಮತ್ತೆ ಸುರಿದ ಮೇಲೆ ಅವುಗಳ ಮರುಮಾರಾಟದ ಲಾಭವೂ ಕರಗಿತು. ನನ್ನ ಮಟ್ಟಿಗೆ ಅದು ಒಳ್ಳೆಯದೇ ಆಯಿತು, ಬೇಕಾದವರಿಗೆ ಬೂಟು ಸಿಕ್ಕಿತು.

ಬೆಂಗಳೂರಿನಲ್ಲಿ ಕೂತು ಹೊರಗಿಂದ ತರಿಸುವವರಿಗೆ ಬೂಟಿನ ಬೆಲೆಯ ಮೇಲೆ ಸರ್ಕಾರದ ಪಾಲೂ ಸೇರುತ್ತದೆ. 2020ರ ಬಜೆಟ್ ಪಾದರಕ್ಷೆಯ ಆಮದು ಸುಂಕವನ್ನು ಶೇ 25ರಿಂದ 35ಕ್ಕೆ ಏರಿಸಿತು, ಮೇಲೆ ಜಿಎಸ್‌ಟಿ ಬೇರೆ. ಅಮೆರಿಕದ ಬೆಲೆ ನೋಡಿ ಆಸೆಪಟ್ಟವರು ಒಟ್ಟು ಮೊತ್ತ ಕಂಡು ದಂಗಾಗುತ್ತಾರೆ.

ಎಲ್ಲಕ್ಕಿಂತ ದೊಡ್ಡ ಖರ್ಚು ಡಬ್ಬಿಯೊಳಗೇ ನಡೆಯುವಂಥದು. 1985ರ ಜೋರ್ಡನ್ 1ರದು ರಬ್ಬರ್ ತಳ, ಒಂದಿಷ್ಟು ತಾಳುತ್ತದೆ. 1988, 89ರ ಜೋರ್ಡನ್ 3, 4ರ ನಡುತಳ ಪಾಲಿಯುರೆಥೇನ್. ಗಾಳಿಯ ತೇವ ಅದರ ಅಣುಸರಪಳಿಯನ್ನು ಮೆಲ್ಲಗೆ ಕಡಿಯುತ್ತದೆ, ಇದು ಹೈಡ್ರಾಲಿಸಿಸ್. ಮೇಲಿನ ಚರ್ಮ ಹೊಳೆಯುತ್ತಿರುತ್ತದೆ, ಹೊಲಿಗೆ ಗಟ್ಟಿಯಾಗಿರುತ್ತದೆ, ಮೆಟ್ಟಿ ನಾಲ್ಕು ಹೆಜ್ಜೆ ಇಟ್ಟರೆ ತಳ ಹಳಸಿದ ರಸ್ಕಿನಂತೆ ಪುಡಿಪುಡಿ. ಆಗಾಗ ಮೆಟ್ಟಿದ ಜೋಡಿಯೇ ಹೆಚ್ಚು ಬಾಳುತ್ತದೆ, ಹೆಜ್ಜೆಯ ಒತ್ತಡಕ್ಕೆ ತೇವ ಹೊರಬೀಳುತ್ತದೆ ಎಂಬುದು ಸಂಗ್ರಾಹಕರ ಮಾತು. ಬೆಂಗಳೂರಿನ ಒಣಹವೆಯಲ್ಲಿ ಬದುಕುವ ಬೂಟು ಮಂಗಳೂರಿನ ಮಳೆಗಾಲದಲ್ಲಿ ಅಷ್ಟು ದಿನ ತಾಳುವುದಿಲ್ಲ. ಸಿಲಿಕಾ ಜೆಲ್ ಪೊಟ್ಟಣ, ಗಾಳಿ ಹೋಗದ ಪ್ಲಾಸ್ಟಿಕ್ ಹೊದಿಕೆ ಕೊಳೆಯುವುದನ್ನು ಮುಂದೂಡುತ್ತವೆ, ತಪ್ಪಿಸುವುದಿಲ್ಲ.

ಕೆಲವರು ಇದಕ್ಕೂ ದಾರಿ ಹುಡುಕಿದ್ದಾರೆ: ಅದೇ ಮಾದರಿಯ ಹೊಸ ರೆಟ್ರೊ ಕೊಂಡು, ಅದರ ತಳ ಕಿತ್ತು, ಹಳೆ ಚರ್ಮಕ್ಕೆ ಅಂಟಿಸುವ ‘ಸೋಲ್ ಸ್ವಾಪ್’. ಒಂದು ಜೋಡಿ ಉಳಿಸಲು ಇನ್ನೊಂದು ಜೋಡಿ ಬಲಿ. ಹಾಗೆ ಉಳಿದದ್ದನ್ನು ಅಸಲಿ ಎನ್ನಬಹುದೇ ಎಂಬುದರಲ್ಲಿ ಎರಡು ಪಂಗಡ. ಮಾರಲು ಇಟ್ಟವರು ಅಲ್ಲವೆನ್ನುತ್ತಾರೆ, ಮೆಟ್ಟಿ ತಿರುಗುವವರು ತಲೆಕೆಡಿಸಿಕೊಳ್ಳುವುದಿಲ್ಲ.