ಮೈಕು ನಮ್ಮ ಕೈಗೆ ಬಂದದ್ದು ಯಾವಾಗ?



ವಾರ್ಷಿಕೋತ್ಸವದ ಸಂಚಿಕೆಗೆ ಚರಿತ್ರೆಯ ಲೇಖನ ಅಂದ್ರೆ ನಾವು ಮಹಾಡದ ಕೆರೆ, ನಾಗಪುರದ ದೀಕ್ಷೆ, ಪುಣೆ ಒಪ್ಪಂದ ಇವುಗಳ ಸುತ್ತಲೇ ಬರೆಯುತ್ತೇವೆ. ಬರೆಯಲೇಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಜಹೀರಾಬಾದ್, ನಾರಾಯಣಖೇಡದ ಈ ಗಡಿ ಸೀಮೆಯಲ್ಲಿ, ನಮ್ಮ ಕಣ್ಣೆದುರಿಗೇ, ನಮ್ಮ ಜನರ ಹೆಣ್ಣುಮಕ್ಕಳು ಮಾಡಿದ ಒಂದು ಚರಿತ್ರೆ ಇದೆ. ಅದು ರೇಡಿಯೊದ್ದು. ಹೊಲಗೇರಿ, ಮಾದಿಗರ ಕೇರಿಯ ಮಂದಿ ರೇಡಿಯೊ ಕೇಳಿದ್ದು ಯಾವಾಗ, ರೇಡಿಯೊದಲ್ಲಿ ಮಾತಾಡಿದ್ದು ಯಾವಾಗ? ಈ ಎರಡರ ನಡುವೆ ಎಷ್ಟು ವರ್ಷ ಕಳೆದವು ಅನ್ನೋದನ್ನ ಇಲ್ಲಿ ಹೇಳಬೇಕು ಅಂತ ಮಾಡಿದ್ದೇನೆ.

1935ನೇ ಇಸವಿಯಿಂದ ಶುರು ಮಾಡೋಣ. ಆ ವರ್ಷ ಹೈದರಾಬಾದಿನ ರೇಡಿಯೊವನ್ನು ನಿಜಾಮ್ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. ಅದೇ ಡೆಕ್ಕನ್ ರೇಡಿಯೊ. ಉರ್ದುವಿನದೇ ಕಾರುಬಾರು. ತೆಲುಗು, ಮರಾಠಿ, ಕನ್ನಡಕ್ಕೆ ಒಂದಿಷ್ಟು ಹೊತ್ತು. ಅದೇ ವರ್ಷ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. 'ಆಕಾಶವಾಣಿ' ಅನ್ನೋ ಹೆಸರು ಅಲ್ಲಿಂದ ಬಂದದ್ದು, ಆಮೇಲೆ ಇಡೀ ದೇಶದ್ದಾಯಿತು. ಆಮೇಲೆ ಒಂದು ತಿಂಗಳು ಕಳೆದಿತ್ತು ಅಷ್ಟೇ, ಅಕ್ಟೋಬರ್ 13ರಂದು ನಾಸಿಕ ಜಿಲ್ಲೆಯ ಯೇವಲೆಯಲ್ಲಿ ಬಾಬಾಸಾಹೇಬರು, ಹಿಂದೂವಾಗಿ ಹುಟ್ಟಿದ್ದೇನೆ, ಆದರೆ ಹಿಂದೂವಾಗಿ ಸಾಯುವುದಿಲ್ಲ ಅಂತ ಸಾರಿದರು. ಒಂದೇ ವರ್ಷದಲ್ಲಿ ಮೂರು ಸಂಗತಿ. ರೇಡಿಯೊದವರು ಯೇವಲೆಗೆ ಮೈಕು ಹಿಡಿದು ಹೋಗುವ ಕಾಲ ಅದಾಗಿರಲಿಲ್ಲ. ಯೇವಲೆಯ ಮಾತು ಪತ್ರಿಕೆಯಿಂದ, ಬಾಯಿಂದ ಬಾಯಿಗೆ ಹಬ್ಬಿತು.

ಬಾಬಾಸಾಹೇಬರಿಗೆ ಮಾಧ್ಯಮದ ಬೆಲೆ ಚೆನ್ನಾಗಿ ಗೊತ್ತಿತ್ತು. 1920ರಲ್ಲೇ 'ಮೂಕನಾಯಕ' ಪತ್ರಿಕೆ ತೆಗೆದವರು ಅವರು. ಹೆಸರೇ ನೋಡ್ರಿ, ಬಾಯಿಲ್ಲದವರ ನಾಯಕ. ಆದರೆ ಪತ್ರಿಕೆ ಓದೋಕೆ ಅಕ್ಷರ ಬೇಕು. ಕೇರಿಯಲ್ಲಿ ಓದು ಬಲ್ಲವನು ಒಬ್ಬನೇ ಇದ್ದರೆ ಅವನು ಓದಬೇಕು, ಉಳಿದವರು ಸುತ್ತ ಕೂತು ಕೇಳಬೇಕು. ರೇಡಿಯೊಕ್ಕೆ ಆ ಕಟ್ಟು ಇಲ್ಲ. ಕಿವಿ ಇದ್ದರೆ ಸಾಕು. ಧ್ವನಿಗೆ ಮೈಲಿಗೆಯೂ ತಟ್ಟೋದಿಲ್ಲ, ಗುಡಿ ಬಾಗಿಲಲ್ಲಿ ತಡೆದ ಹಾಗೆ ಅದನ್ನ ತಡೆಯೋಕೆ ಆಗೋದಿಲ್ಲ.

ವೈಸರಾಯರ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದಾಗ ಅಂಬೇಡ್ಕರ್ ಅವರು ಮುಂಬಯಿ ನಿಲಯದಿಂದ, ಯುದ್ಧದಲ್ಲಿ ಭಾರತದ ಕಾರ್ಮಿಕರ ನಿಲುವು ಏನು ಅನ್ನುವುದರ ಬಗ್ಗೆ ಮಾತಾಡಿದ್ದರು. ಅದಕ್ಕಿಂತ ನಮಗೆ ಮುಖ್ಯವಾದದ್ದು 1954ರ ಅಕ್ಟೋಬರ್ 3ರ ಭಾಷಣ. ತಮ್ಮ ಜೀವನ ದರ್ಶನ ಏನು ಅಂತ ಆಕಾಶವಾಣಿಯಲ್ಲಿ ಹೇಳಿದರು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಈ ಮೂರನ್ನ ನಾನು ಫ್ರಾನ್ಸಿನ ಕ್ರಾಂತಿಯಿಂದ ಎರವಲು ತಂದಿಲ್ಲ, ನನ್ನ ಗುರು ಬುದ್ಧನಿಂದ ಪಡೆದೆ ಅನ್ನೋದು ಅದರ ಸಾರ. ಕಾನೂನು ಸಮಾನತೆಯನ್ನ ಕಾಯಬಹುದು, ಆದರೆ ಬಂಧುತ್ವ ಇಲ್ಲದಿದ್ದರೆ ಅದೂ ನಿಲ್ಲೋದಿಲ್ಲ ಅನ್ನೋ ಅರ್ಥದ ಮಾತೂ ಅಲ್ಲಿದೆ. ನಾವು ಇವತ್ತು ಬ್ಯಾನರಿನ ಮೇಲೆ ಬರೆಸುವ ಆ ಮೂರು ಪದಗಳ ಹಿಂದೆ ಒಂದು ರೇಡಿಯೊ ಭಾಷಣ ಇದೆ ಅನ್ನೋದು ನಮ್ಮ ಹುಡುಗರಿಗೇ ಗೊತ್ತಿಲ್ಲ. ದೀಕ್ಷೆ ಆದದ್ದು ಅದಾದ ಎರಡು ವರ್ಷಕ್ಕೆ. 1956ರ ಮೇ ತಿಂಗಳಲ್ಲಿ, ಬೌದ್ಧ ಧರ್ಮ ನನಗೆ ಯಾಕೆ ಹಿಡಿಸಿತು ಅನ್ನೋದನ್ನ ಲಂಡನ್ನಿನ ಬಿಬಿಸಿಗೂ ಅವರು ಹೇಳಿದ್ದರು.

ಈಗ ನಮ್ಮ ಸೀಮೆಗೆ ಬರೋಣ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಶರಣಾದ ಸುದ್ದಿ ಹೊರಬಿದ್ದದ್ದೂ ಡೆಕ್ಕನ್ ರೇಡಿಯೊ ಮೂಲಕವೇ. 1950ರ ಏಪ್ರಿಲ್ 1ರಂದು ಅದು ಆಕಾಶವಾಣಿಗೆ ಸೇರಿತು. ಅದೇ ವರ್ಷ ಜನವರಿ 8ರಂದು ಧಾರವಾಡ ನಿಲಯ ಶುರುವಾಗಿತ್ತು. ಆಮೇಲೆ 1956ರ ನವೆಂಬರ್ 1. ಬೀದರ ಜಿಲ್ಲೆ ಒಡೆದು ಹಂಚಿಹೋಯಿತು. ಜಹೀರಾಬಾದ್ ತಾಲ್ಲೂಕು, ಅದರೊಳಗಿನ ನಿರ್ಣಾ ಸರ್ಕಲ್ ಬಿಟ್ಟು, ಮೆದಕ್ ಜಿಲ್ಲೆಗೆ ಹೋಯಿತು. ಬೀದರ ತಾಲ್ಲೂಕಿನ ನ್ಯಾಲಕಲ್ ಸರ್ಕಲ್ಲೂ, ನಾರಾಯಣಖೇಡವೂ ಅದರ ಜೊತೆಗೆ ಹೋದವು. ಹೊಲ ಅಲ್ಲೇ, ಬೀಗರು ಅಲ್ಲೇ, ಆದರೆ ಕಚೇರಿ ತೆಲುಗಿನದಾಯಿತು, ಬರಬರುತ್ತ ಶಾಲೆಯೂ ತೆಲುಗಿನದಾಯಿತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಬಸ್ಸಿನಲ್ಲಿ ಉರ್ದು, ಇದು ನಮ್ಮ ಪಾಡು.

ಹಿಂಗಾದಾಗ ಗಡಿ ದಾಟಿ ದಿನಾ ಬಂದು ಹೋಗುವ ಕನ್ನಡ ಅಂದ್ರೆ ರೇಡಿಯೊದ್ದೇ. 1966ರಲ್ಲಿ ಕಲಬುರಗಿ ನಿಲಯ ಶುರುವಾಯಿತು. ಮೀಡಿಯಂ ವೇವ್ ಅಲೆಗೆ ಚೆಕ್‌ಪೋಸ್ಟ್ ಇಲ್ಲ. ಕನ್ನಡ ಅಕ್ಷರವನ್ನ ಶಾಲೆಯಲ್ಲಿ ಒಂದು ದಿನವೂ ಕಲಿಯದ ನಮ್ಮ ಹಿರಿಯರು ವಾರ್ತೆ, ಕೃಷಿ ಕಾರ್ಯಕ್ರಮ, ನಾಟಕ, ತತ್ವಪದ ಎಲ್ಲ ಕೇಳಿ ಬಲ್ಲವರಾಗಿದ್ದು ಹಾಗೆ. ಮೊದಮೊದಲು ರೇಡಿಯೊ ಇದ್ದದ್ದು ಗೌಡರ ಮನೆಯಲ್ಲಿ, ಇಲ್ಲಾ ಪಂಚಾಯಿತಿ ಚಾವಡಿಯಲ್ಲಿ. ಚಾವಡಿ ಕಟ್ಟೆ ಮೇಲೆ ಯಾರು ಕೂಡಬಹುದು, ಯಾರು ಕೆಳಗೆ ನಿಲ್ಲಬೇಕು ಅನ್ನೋದನ್ನ ಈ ಸಂಚಿಕೆ ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ. ಟ್ರಾನ್ಸಿಸ್ಟರ್ ಬಂದ ಮೇಲೆ ಆ ಕಟ್ಟೆಯ ಹಂಗು ಹರಿಯಿತು. ಕೂಲಿ ದುಡ್ಡು ಕೂಡಿಸಿ ಒಂದು ಸಣ್ಣ ಪೆಟ್ಟಿಗೆ ತಂದರೆ ಕೇರಿಗೆಲ್ಲ ಅದೇ. ಸೆಲ್ಲು ಸೊರಗಿದರೆ ಬಿಸಿಲಿಗಿಟ್ಟು ಇನ್ನೆರಡು ದಿನ ನಡೆಸುವುದು. ಪೋಸ್ಟ್ ಆಫೀಸಿನಲ್ಲಿ ರೇಡಿಯೊಕ್ಕೂ ಲೈಸನ್ಸ್ ಮಾಡಿಸಬೇಕಿದ್ದ ಕಾಲ ಅದು. ಎಷ್ಟು ಮಂದಿ ಮಾಡಿಸಿದ್ದರೋ ಕೇಳಬೇಡಿ.

ಕೇಳೋದೇನೋ ಆಯಿತು. ಮಾತಾಡೋದು?

ಆಕಾಶವಾಣಿಯಲ್ಲಿ ಮಾತಾಡಬೇಕು ಅಂದ್ರೆ ಬರೆದು ಕೊಡಬೇಕು, ನಿಲಯದವರು ಓದಿ ಒಪ್ಪಬೇಕು. ಬರೆಯೋಕೆ ಬರದವರು ಅಲ್ಲಿಗೇ ಹೊರಗುಳಿದರು. ಇನ್ನು ಹಾಡು. ನಮ್ಮ ಭಜನೆಯ ಪೇಟಿ, ಅಂದ್ರೆ ಹಾರ್ಮೋನಿಯಂ, 1940ರಿಂದ 1971ರ ತನಕ ಆಕಾಶವಾಣಿಗೆ ಬೇಡದ ವಾದ್ಯವಾಗಿತ್ತು. ಅದು ಪರದೇಶದ್ದು, ನಮ್ಮ ಸಂಗೀತಕ್ಕೆ ಹೊಂದುವುದಿಲ್ಲ ಅಂತ ದೊಡ್ಡವರ ತೀರ್ಮಾನ. ಕೇರಿಯ ಭಜನಾ ಮೇಳದಿಂದ ಪೇಟಿ ತೆಗೆದರೆ ಉಳಿಯೋದೇನು? ಆಕಾಶವಾಣಿಯಿಂದ ನಮಗೆ ಲಾಭ ಆಗಿಲ್ಲ ಅಂತ ನಾನು ಹೇಳೋದಿಲ್ಲ. ಜಾನಪದ ಹಾಡುಗಾರರನ್ನ ಕರೆದು ಧ್ವನಿಮುದ್ರಣ ಮಾಡಿಕೊಂಡ ಒಳ್ಳೆಯ ಅಧಿಕಾರಿಗಳೂ ಇದ್ದರು. ಆದರೆ ಅಲ್ಲಿ ನಾವು ಹಾಡುಗಾರರು ಅಷ್ಟೇ. ಕೂಲಿ ದರದ ಬಗ್ಗೆ, ಭೂಮಿಯ ಬಗ್ಗೆ, ಬಾವಿಯ ಬಗ್ಗೆ ನಮ್ಮ ಅಭಿಪ್ರಾಯ ಏನು ಅಂತ ಕೇಳುವ ರೂಢಿ ಇರಲಿಲ್ಲ. ಹೈಬ್ರಿಡ್ ಬೀಜ ಹಾಕಿ, ಗೊಬ್ಬರ ಹಾಕಿ, ಮಕ್ಕಳು ಎರಡೇ ಇರಲಿ ಅಂತ ರೇಡಿಯೊ ನಮಗೆ ಹೇಳುತ್ತಿತ್ತು, ನಾವು ಕೇಳುತ್ತಿದ್ದೆವು. ಚುನಾವಣೆಗೆ ಪಕ್ಷಗಳವರಿಗೆ ಆಕಾಶವಾಣಿಯಲ್ಲಿ ಮಾತಾಡಲು ಅವಕಾಶ ಸಿಕ್ಕಿದ್ದೇ ತುರ್ತು ಪರಿಸ್ಥಿತಿಯ ಬಳಿಕ, 1977ರಲ್ಲಿ. ಪಕ್ಷಗಳಿಗೇ ಹಿಂಗಾದರೆ ಕೇರಿಯವರ ಗತಿ ಏನು?

ಬಾಗಿಲು ತೆರೆದದ್ದು ಕ್ರಿಕೆಟ್ಟಿನಿಂದ! ನಗಬೇಡಿ. 1993ರ ಹೀರೋ ಕಪ್ ಪಂದ್ಯಗಳನ್ನ ಟಿವಿಯಲ್ಲಿ ಯಾರು ತೋರಿಸಬೇಕು ಅಂತ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಸರ್ಕಾರಕ್ಕೂ ಜಗಳ ಬಿದ್ದು ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರವರಿ 9ರಂದು ತೀರ್ಪು ಬಂತು. ಪ್ರಸಾರದ ಅಲೆಗಳು ಸಾರ್ವಜನಿಕ ಆಸ್ತಿ, ಅವು ಸರ್ಕಾರದ ಸ್ವಂತದ್ದೂ ಅಲ್ಲ, ಸಾಹುಕಾರರದ್ದೂ ಅಲ್ಲ ಅನ್ನೋದು ನ್ಯಾಯಮೂರ್ತಿ ಪಿ. ಬಿ. ಸಾವಂತರ ಪೀಠದ ನಿಲುವು. ಅಲ್ಲಿಯ ತನಕ 1885ರ ಟೆಲಿಗ್ರಾಫ್ ಕಾಯ್ದೆ ಹಿಡಿದುಕೊಂಡು ಸರ್ಕಾರ ಆಕಾಶವೆಲ್ಲ ತನ್ನದೇ ಅಂತ ಕೂತಿತ್ತು. ಚವದಾರ ಕೆರೆಯ ನೀರು ಎಲ್ಲರದ್ದು ಅಂತ ನಾವು ಹೇಳಿದ್ದೂ ಇದೇ ತರ್ಕದಿಂದಲೇ ಅಲ್ಲವೇ?

ತೀರ್ಪು ಬಂದರೂ ಲೈಸನ್ಸ್ ಬರಲಿಲ್ಲ. ಜಹೀರಾಬಾದಿನ ಪಕ್ಕದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಅನ್ನೋ ಸಂಸ್ಥೆ 1980ರ ದಶಕದಿಂದ ದಲಿತ ಹೆಣ್ಣುಮಕ್ಕಳ ಸಂಘಗಳನ್ನ ಕಟ್ಟಿಕೊಂಡು ಬಂದಿತ್ತು. ಅದನ್ನ ಕಟ್ಟಿದವರಲ್ಲಿ ಮುಖ್ಯರಾದ ಪಿ. ವಿ. ಸತೀಶ್ ಮೈಸೂರಿನವರು, ಕನ್ನಡಿಗರು, ಮೊದಲು ದೂರದರ್ಶನದಲ್ಲಿ ಇದ್ದವರು. 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಈ ಸಂಘದ ಹೆಣ್ಣುಮಕ್ಕಳು ಬೀಳು ಹೊಲ ಹಸನು ಮಾಡಿ ಜೋಳ, ಸಜ್ಜೆ, ನವಣೆ ಬೆಳೆದರು, ಬೀಜ ಕೂಡಿಟ್ಟರು, ಅಕ್ಕಿಯ ರೇಶನ್ನಿಗೆ ಬದಲಾಗಿ ಜೋಳದ ರೇಶನ್ ನಡೆಸಿ ತೋರಿಸಿದರು. ಅವರಿಗೆ ರೇಡಿಯೊ ಬೇಕು ಅನ್ನಿಸಿತು. ಯುನೆಸ್ಕೊ ನೆರವಿನಿಂದ 1998ರಲ್ಲಿ ಮಾಚನೂರಿನಲ್ಲಿ ಸ್ಟುಡಿಯೊ ಎದ್ದಿತು. ಸ್ಟುಡಿಯೊ ಇದೆ, ಮೈಕು ಇದೆ, ಮಾತು ಇದೆ, ಆದರೆ ಗಾಳಿಗೆ ಬಿಡೋಕೆ ಅಪ್ಪಣೆ ಇಲ್ಲ! ಹತ್ತು ವರ್ಷ. ಆ ಹತ್ತು ವರ್ಷವೂ ಅವರು ಸುಮ್ಮನೆ ಕೂಡಲಿಲ್ಲ. ರೆಕಾರ್ಡ್ ಮಾಡಿದರು, ಟೇಪನ್ನ ಸಂಘದ ಸಭೆಗೆ ಒಯ್ದು ಕೇಳಿಸಿದರು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ'ಯವರು 2003ರ ಸುಮಾರಿಗೆ ಇದೇ ಅಡ್ಡಿಗೆ ಇನ್ನೊಂದು ದಾರಿ ಹುಡುಕಿ, ಟಿವಿ ಕೇಬಲ್ಲಿನ ತಂತಿಯಲ್ಲೇ ಮನೆಮನೆಗೆ ಧ್ವನಿ ಕಳಿಸಿದರು.

ಸರ್ಕಾರ ಮೊದಲು ಬಾಗಿಲು ತೆರೆದದ್ದು ವಿಶ್ವವಿದ್ಯಾಲಯ, ಕಾಲೇಜುಗಳಿಗೆ. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ನಿಲಯ ಶುರುವಾಯಿತು. ಓದಿದವರಿಗೆ ಮೊದಲು, ದುಡಿಯುವವರಿಗೆ ಆಮೇಲೆ, ಯಾವಾಗಲೂ ಇದೇ ಪಾಳಿ. 2006ರ ನವೆಂಬರಿನಲ್ಲಿ ನೀತಿ ಬದಲಾಗಿ ಸಂಘ ಸಂಸ್ಥೆಗಳಿಗೂ ಅವಕಾಶ ಬಂತು. 2008ರ ಅಕ್ಟೋಬರ್ 15ರಂದು 'ಸಂಘಂ ರೇಡಿಯೊ' 90.4ರಲ್ಲಿ ಗಾಳಿಗೆ ಬಂತು. ಉದ್ಘಾಟನೆಗೆ ಬಂದವರು ಅದೇ ಸಾವಂತರು, ತೀರ್ಪು ಕೊಟ್ಟ ನ್ಯಾಯಮೂರ್ತಿ. ನಡೆಸಿದವರು ಇಬ್ಬರು ನರಸಮ್ಮಗಳು, ಒಬ್ಬರು ಅಲ್ಗೋಲಿನ ನರಸಮ್ಮ, ಇನ್ನೊಬ್ಬರು 'ಜನರಲ್' ನರಸಮ್ಮ. ಇಬ್ಬರೂ ದಲಿತ ಹೆಣ್ಣುಮಕ್ಕಳು. ಮೈಸೂರಿನ ಪ್ರಾಧ್ಯಾಪಕರ ಮನೆಯಿಂದ ಮಾಚನೂರಿನ ಈ ಸ್ಟುಡಿಯೊಕ್ಕೆ ಬರಲು 73 ವರ್ಷ ಹಿಡಿಯಿತು.

ಅಲ್ಲಿ ಮಾತಾಡೋದು ಬರೆದು ತಂದದ್ದಲ್ಲ. ಬಿತ್ತನೆ ಹೊತ್ತಿಗೆ ಬೀಜದ ಮಾತು, ಹಬ್ಬದ ಹೊತ್ತಿಗೆ ಹಬ್ಬದ ಹಾಡು, ನಾಟಿ ಔಷಧಿ, ಹೆಣ್ಣುಮಕ್ಕಳ ಕಷ್ಟ ಸುಖ. ಭಾಷೆ ಈ ಸೀಮೆಯ ಹಳ್ಳಿ ತೆಲುಗು, ಪಟ್ಟಣದವರು ನಗುವಂಥ ತೆಲುಗು. ನಿಲಯದ ಭಾಷೆ, ಶುದ್ಧ ಭಾಷೆ ಅನ್ನೋ ಹೆದರಿಕೆಯನ್ನ ಆ ಹೆಣ್ಣುಮಕ್ಕಳು ಕಿತ್ತು ಬಿಸಾಕಿದರು. ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಇದೇ, ಟವರ್ ಏರಿಸಿದ್ದು ಅಲ್ಲ.

ಹಂಗಂತ ಎಲ್ಲ ಆಗಿಹೋಯಿತು ಅಂತ ಅಲ್ಲ. 2006ರ ನೀತಿಯಲ್ಲಿ ಒಂದು ಷರತ್ತು ಇದೆ: ಸುದ್ದಿ, ಪ್ರಚಲಿತ ವಿದ್ಯಮಾನ, ರಾಜಕೀಯ ಸ್ವರೂಪದ ಕಾರ್ಯಕ್ರಮ ಇವು ಕೂಡದು. ಆಮೇಲೆ ಆಕಾಶವಾಣಿಯ ವಾರ್ತೆಯನ್ನ ಇದ್ದ ಹಾಗೆ ಮರುಪ್ರಸಾರ ಮಾಡಬಹುದು ಅಂದರು, ಸ್ವಂತ ಸುದ್ದಿ ಮಾತ್ರ ಬೇಡ. ಯಾವುದು ರಾಜಕೀಯ? ಜೋಳ ಹೆಂಗೆ ಬಿತ್ತಬೇಕು ಅಂದರೆ ಕೃಷಿ. ಜೋಳ ಬಿತ್ತುವ ಹೊಲ ಯಾರ ಹೆಸರಲ್ಲಿದೆ ಅಂದರೆ? ಕೂಲಿ ಎಷ್ಟು ಕೊಟ್ಟರು, ಹೋಟೆಲಿನಲ್ಲಿ ಲೋಟ ಬೇರೆ ಇಟ್ಟರಾ ಅಂತ ಕೇಳಿದರೆ ಅದು ಸುದ್ದಿಯೋ ಸಂಸ್ಕೃತಿಯೋ? ಹೆದರುವ ನಿಲಯ ಆ ಮಾತನ್ನೇ ಬಿಡುತ್ತದೆ. ಸಾಹುಕಾರರ ಟಿವಿ ಚಾನೆಲ್ಲು ಇಪ್ಪತ್ತನಾಲ್ಕು ತಾಸು ರಾಜಕೀಯ ಕೂಗಬಹುದು, ನೂರು ವ್ಯಾಟಿನ ಹಳ್ಳಿ ರೇಡಿಯೊ ಕೂಗಬಾರದು. ಇದನ್ನ ಪ್ರಶ್ನಿಸಿ ಕಾಮನ್ ಕಾಸ್ ಸಂಸ್ಥೆ 2013ರಲ್ಲಿ ಸುಪ್ರೀಂ ಕೋರ್ಟಿಗೂ ಹೋಗಿತ್ತು.

ಇನ್ನೊಂದು ಮಾತು. ನೂರು ವ್ಯಾಟಿನ ಧ್ವನಿ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿಗೆ ಮುಗಿಯುತ್ತದೆ. ಆ ಸುತ್ತಳತೆಯೊಳಗೆ ಕನ್ನಡದ ಕೇರಿಗಳೂ ಇವೆ. ನಮ್ಮ ಅಜ್ಜಿಯರ ಬೀಸುವ ಪದ, ಮೊಹರಮ್ಮಿನ ರಿವಾಯತು, ಭೀಮ ಪದ ಇವು ಕನ್ನಡದಲ್ಲೇ ಇವೆ, ಅಕ್ಷರದಲ್ಲಿ ಇಲ್ಲ. ನೀತಿಯ ಪ್ರಕಾರ ನೋಂದಾಯಿತ, ಲಾಭಕ್ಕಲ್ಲದ, ಮೂರು ವರ್ಷ ಸೇವೆ ಮಾಡಿದ ಯಾವ ಸಂಘವಾದರೂ ಅರ್ಜಿ ಹಾಕಬಹುದು, ರಾಜಕೀಯ ಪಕ್ಷಕ್ಕೆ ಮಾತ್ರ ಇಲ್ಲ. ಟವರಿಗೆ, ಯಂತ್ರಕ್ಕೆ ಲಕ್ಷಗಟ್ಟಲೆ ದುಡ್ಡು ಬೇಕು, ಅದು ನಮ್ಮ ಸಂಘದಲ್ಲಿ ಇವತ್ತು ಇಲ್ಲ. ಮಾಚನೂರಿನವರ ಹಾಗೆ ಮೊದಲು ರೆಕಾರ್ಡ್ ಮಾಡಿ ಇಡೋದಕ್ಕೆ ಈಗ ಫೋನು ಸಾಕು. ಯಾರ ಮನೆಯಲ್ಲಾದರೂ ಹಳೆಯ ಭಜನೆ, ಅಂಬೇಡ್ಕರ್ ಜಯಂತಿಯ ಭಾಷಣ, ಲಗ್ನದ ಹಾಡು ತುಂಬಿದ ಕ್ಯಾಸೆಟ್ಟು ಉಳಿದಿದ್ದರೆ, ಬೂಸು ಹಿಡಿದಿದ್ದರೂ ಪರವಾಗಿಲ್ಲ, ಎಸೆಯದೆ ಸಂಘದ ಕೋಣೆಗೆ ತಂದು ಕೊಡಿ. ಹಾಡಿದವರ ಹೆಸರು, ಊರು, ಗೊತ್ತಿದ್ದರೆ ಇಸವಿ, ಒಂದು ಚೀಟಿಯಲ್ಲಿ ಬರೆದು ಅಂಟಿಸಿರಿ.